ವರ್ಷಗಟ್ಟಲೆ ಬರೀ ಇಂಗ್ಲಿಷ್ ಕೇಳಿದರೆ ಮಾತು ತಾನಾಗೇ ಬರುತ್ತಾ?

ವಯಸ್ಸು 31, ಕನ್ನಡ ಮೀಡಿಯಂ, ಎರಡು ವರ್ಷದಿಂದ ಇಂಗ್ಲಿಷ್ ಸೀರೀಸ್ ನೋಡ್ತಿದ್ದೀನಿ, ಅರ್ಥ ಆಗುತ್ತೆ ಆದರೆ ಬಾಯಿಗೆ ಬರಲ್ಲ. ಅರ್ಥವಾಗುವ ಭಾಷೆ ಕೇಳ್ತಾ ಇದ್ದರೆ ಸಾಕು ಅಂತ ಭಾಷಾವಿಜ್ಞಾನಿ ಕ್ರಾಶನ್ ಹೇಳಿದ್ದು ಸರಿಯಾ, ಇಲ್ಲ ವ್ಯಾಕರಣ ಹಿಡೀಬೇಕಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಇದು ನನ್ನದೇ ಕಥೆ.

ನಾನು ಮದ್ದೂರು ಕಡೆಯವನು. ಡಿಗ್ರಿವರೆಗೂ ಕನ್ನಡದಲ್ಲೇ ಓದಿ, ಮೈಸೂರು ಯೂನಿವರ್ಸಿಟಿಯ ಮಾನಸಗಂಗೋತ್ರಿಯಲ್ಲಿ ಭಾಷಾವಿಜ್ಞಾನ ಎಂ.ಎ.ಗೆ ಸೇರಿದೆ. ಲೈಬ್ರರಿಯಲ್ಲಿ ಸ್ಟೀಫನ್ ಕ್ರಾಶನ್ ಅವರ 1982ರ ಪುಸ್ತಕ ಸಿಕ್ಕಿತು. ಅದರಲ್ಲಿ ಅವರು ಹೇಳೋದು ಇಷ್ಟು: ನಿಯಮ ಕಲಿಯೋದು ಬೇರೆ, ಭಾಷೆ ಮೈಗೂಡೋದು ಬೇರೆ. ನಮ್ಮ ಮಟ್ಟಕ್ಕಿಂತ ಒಂಚೂರು ಮೇಲಿನ, ಆದರೂ ಅರ್ಥವಾಗುವ ಭಾಷೆ ಸಿಗ್ತಾ ಇದ್ದರೆ ಮಾತು ತಾನಾಗೇ ಹುಟ್ಟುತ್ತೆ. ಶುರುವಿನಲ್ಲಿ ಒಂದಷ್ಟು ಕಾಲ ಸುಮ್ಮನಿರೋದು ಸಹಜ. ನನ್ನಂಥ ಅಂಜುಬುರುಕನಿಗೆ ಇನ್ನೇನು ಬೇಕು? ಬಾಯಿ ಮುಚ್ಕೊಂಡಿರೋಕೆ ಅಮೆರಿಕದ ಪ್ರೊಫೆಸರೇ ಚೀಟಿ ಬರೆದುಕೊಟ್ಟ ಹಾಗಾಯ್ತು.

ಮೂರು ವರ್ಷ ಸುಮ್ಮನಿದ್ದೆ. ಯಾರಾದರೂ ಇಂಗ್ಲಿಷಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ. ರಾತ್ರಿ ಹಾಸ್ಟೆಲಲ್ಲಿ ಸಬ್‌ಟೈಟಲ್ ಹಾಕಿಕೊಂಡು ಸಿನಿಮಾ.

ಆಮೇಲೆ ಮೈಸೂರಲ್ಲೇ ಒಂದು ಕಂಪನಿಯ ಇಂಟರ್‌ವ್ಯೂ. ಮದ್ದೂರಿಂದ ಹೇಗೆ ಬಂದ್ರಿ ಅಂತ ಇಂಗ್ಲಿಷಲ್ಲಿ ಕೇಳಿದರು. ಒಂದೊಂದು ಪದವೂ ಅರ್ಥವಾಯ್ತು. 'ಐ ಕೇಮ್' ಅನ್ನಲಾ, 'ಐ ಹ್ಯಾವ್ ಕಮ್' ಅನ್ನಲಾ? 'ಬೈ ಟ್ರೇನಾ', 'ಇನ್ ಟ್ರೇನಾ'? ಎದುರಿಗಿದ್ದ ನೀರಿನ ಲೋಟ ನೋಡ್ತಾ ವಾಕ್ಯ ಜೋಡಿಸ್ತಿದ್ದೆ. ಅವರು ಸಂಬಳ ಎಷ್ಟು ಬೇಕು ಅಂತ ಕೇಳುವ ಹೊತ್ತಿಗೆ ನನ್ನ ಬಾಯಿಂದ ಬಂತು: 'ಬೈ ಟ್ರೇನ್, ಸರ್.'

ಕೆಲಸ ಸಿಗಲಿಲ್ಲ ಅಂತ ಬೇರೆ ಹೇಳಬೇಕಾ?

ನನ್ನ ತಪ್ಪು ಏನು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಅದರೊಳಗೇ ಇದ್ದೀರಿ. ಕ್ರಾಶನ್ ಸುಳ್ಳು ಹೇಳಿರಲಿಲ್ಲ. ನನಗೆ ಅನುಕೂಲವಾದಷ್ಟನ್ನೇ ನಾನು ಓದಿಕೊಂಡಿದ್ದೆ. ಸುಮ್ಮನಿರುವ ಆ ಅವಧಿ ಹೆಚ್ಚಾಗಿ ಕಾಣೋದು ಹೊಸ ಭಾಷೆಯ ನಡುವೆ ಬಂದು ಬಿದ್ದ ಮಕ್ಕಳಲ್ಲಿ. ಅದೂ ಕೆಲವು ತಿಂಗಳು. ಆ ಮಗುವಿನ ಸುತ್ತ ಅದನ್ನೇ ನೋಡಿಕೊಂಡು ಮಾತಾಡುವ ಜನ ಇರ್ತಾರೆ. ನನ್ನ ಸುತ್ತ ಇದ್ದದ್ದು ಲ್ಯಾಪ್‌ಟಾಪು. ನಾನು ತಲೆ ತೂಗಿದರೂ ನಿದ್ದೆ ಹೋದರೂ ಸಿನಿಮಾದವನು ತನ್ನ ಪಾಡಿಗೆ ಮಾತಾಡ್ತಾನೇ ಇರ್ತಾನೆ. ಜೊತೆಗೆ ನಾನು ಕೇಳ್ತಾನೇ ಇರಲಿಲ್ಲ, ಕೆಳಗಿನ ಅಕ್ಷರ ಓದ್ತಿದ್ದೆ. ಇನ್ನೂ ದೊಡ್ಡದು, ಭಯ ಇದ್ದರೆ ಭಾಷೆ ಒಳಗೇ ಇಳಿಯಲ್ಲ ಅಂತ ಅದೇ ಪುಸ್ತಕದಲ್ಲಿದೆ. ಸುಮ್ಮನಿದ್ದಷ್ಟೂ ನನ್ನ ಭಯ ಜಾಸ್ತಿಯಾಯ್ತೇ ಹೊರತು ಕಮ್ಮಿಯಾಗಲಿಲ್ಲ. ಪರೀಕ್ಷೆಗೆ ಅಂತ ಇದನ್ನೆಲ್ಲ ಬರೆದು ಒಳ್ಳೇ ಮಾರ್ಕ್ಸು ತಗೊಂಡಿದ್ದೆ ಬೇರೆ!

ಅದೇ ಸಿಲೆಬಸ್ಸಲ್ಲಿ ಕೆನಡಾದ ಸಂಶೋಧಕಿ ಮೆರಿಲ್ ಸ್ವೇನ್ ಕೂಡ ಇದ್ದರು. ಕೆನಡಾದಲ್ಲಿ ಇಂಗ್ಲಿಷ್ ಮನೆಯ ಮಕ್ಕಳು ವರ್ಷಗಟ್ಟಲೆ ಫ್ರೆಂಚಲ್ಲೇ ಪಾಠ ಕೇಳಿದರು. ಚೆನ್ನಾಗಿ ಅರ್ಥವಾಗ್ತಿತ್ತು, ಆದರೂ ಮಾತಲ್ಲಿ ತಪ್ಪು ಉಳಿದೇ ಇತ್ತು. ಹೇಳಲು ಹೋದಾಗಲೇ ಎಲ್ಲಿ ತೂತಿದೆ ಅಂತ ಗೊತ್ತಾಗೋದು ಅಂತ ಸ್ವೇನ್ ವಾದಿಸಿದರು. ಆ ಪುಟ ನಾನು ಬೇಗ ತಿರುವಿದ್ದೆ.

ಹೊಟ್ಟೆಪಾಡಿಗೆ ಮೈಸೂರಿನ ಗೋಕುಲಂನಲ್ಲಿ ಒಂದು ಗೆಸ್ಟ್‌ಹೌಸ್ ನೋಡಿಕೊಳ್ಳುವ ಕೆಲಸ ಹಿಡಿದೆ. ಅಷ್ಟಾಂಗ ಯೋಗ ಕಲಿಯಲು ಬರುವ ವಿದೇಶಿಯರು ಉಳಿಯುವ ಏರಿಯಾ ಅದು. ಒಂದು ಬೆಳಿಗ್ಗೆ ಜರ್ಮನಿಯ ಹೆಂಗಸೊಬ್ಬರು ಗೀಸರ್ ಆನ್ ಆಗ್ತಿಲ್ಲ ಅಂತ ಬಂದರು. ಸ್ವಿಚ್ ಮುಟ್ಟಿ ನೋಡಿ 'ದಿಸ್ ಸ್ವಿಚ್ ಓಲ್ಡ್' ಅಂದೆ. 'ಓ, ದಿಸ್ ಸ್ವಿಚ್ ಈಸ್ ಓಲ್ಡ್?' ಅಂದರು. ತಿದ್ದಲು ಅಲ್ಲ, ಖಾತ್ರಿ ಮಾಡಿಕೊಳ್ಳಲು. ಆ 'ಈಸ್' ಕಿವಿಗೆ ತಗುಲಿತು. 'ಈ ಸ್ವಿಚ್ಚು ಹಳೇದು' ಅನ್ನೋ ಕನ್ನಡಕ್ಕೆ ಕ್ರಿಯಾಪದವೇ ಬೇಡ, ಅಲ್ವಾ? ಇಂಗ್ಲಿಷಿಗೆ ಬೇಕು. ಈ ನಿಯಮ ಶಾಲೆಯಿಂದ ಗೊತ್ತಿತ್ತು, ಕಿವಿಗೆ ಬಿದ್ದದ್ದು ಅವತ್ತೇ. ಹೀಗೆ ಮಾತು ಅಡ್ಡಾದಿಡ್ಡಿ ಹೋಗಿ ಸರಿಯಾಗುವಾಗಲೇ ಭಾಷೆ ಬರೋದು ಅಂತಾರೆ ಭಾಷಾ ಕಲಿಕೆಯ ಸಂಶೋಧಕ ಮೈಕೆಲ್ ಲಾಂಗ್. ಇನ್ನೊಬ್ಬ ಸಂಶೋಧಕ ರಿಚರ್ಡ್ ಶ್ಮಿಟ್ ಬ್ರೆಜಿಲ್‌ನಲ್ಲಿ ತಾವೇ ಪೋರ್ಚುಗೀಸ್ ಕಲಿಯುತ್ತಾ ಡೈರಿ ಬರೆದರು. ತಾನು ಗಮನಿಸಿದ್ದೇ ತನ್ನ ಬಾಯಿಗೆ ಬಂದದ್ದು ಅಂತ ಕಂಡುಕೊಂಡರು. ಓದಿದಾಗ ನನಗೆ ಇವು ಬರೀ ಹೆಸರು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಕ್ರಾಶನ್ನೋ ವ್ಯಾಕರಣವೋ ಅಂತ ತೀರ್ಮಾನ ಮಾಡೋದು ಬಾಯಿ ಬಿಡೋದನ್ನ ಮುಂದೂಡುವ ನೆಪ. 31 ಅಂತ ಹೆದರಬೇಡಿ. ವಯಸ್ಸು ದಾಟಿದರೆ ಸೀರೀಸಿನವರ ಉಚ್ಚಾರಣೆ ಬರೋದು ಕಷ್ಟ. ಅದನ್ನು ಕಟ್ಕೊಂಡು ನಿಮಗೇನಾಗಬೇಕು? 30 ದಿನದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೂ ದುಡ್ಡು ಸುರೀಬೇಡಿ. 1979ರಿಂದ 84ರವರೆಗೆ ಎನ್.ಎಸ್. ಪ್ರಭು ಅವರ ಬೆಂಗಳೂರು ಪ್ರಾಜೆಕ್ಟ್ ಅನ್ನೋ ಇಂಗ್ಲಿಷ್ ಕಲಿಸುವ ಪ್ರಯೋಗ ನಡೆಯಿತು. ಅಲ್ಲಿ ಮಕ್ಕಳಿಗೆ ವ್ಯಾಕರಣದ ಬದಲು ರೈಲಿನ ಟೈಮ್‌ಟೇಬಲ್, ಮ್ಯಾಪು ಕೊಟ್ಟು ಲೆಕ್ಕ ಬಿಡಿಸಿ ಅಂದರು. ನೀವೂ ಇಂಗ್ಲಿಷ್ ಇಲ್ಲದೆ ಮುಗಿಯದ ಒಂದು ಕೆಲಸ ಹುಡುಕಿ. ಸೀರೀಸ್ ಬೇಕಾದ್ರೆ ನೋಡಿ, ಸಬ್‌ಟೈಟಲ್ ತೆಗೆದು.

ಈಗ ನನ್ನದೇ ಒಂದು ಸಣ್ಣ ಟ್ರಾವೆಲ್ಸ್ ಇದೆ. ದಿನಾ ಹೊರ ರಾಜ್ಯದವರ ಜೊತೆ ಫೋನು. ಆತುರದಲ್ಲಿ ಆ 'ಈಸ್' ಈಗಲೂ ಬಿಟ್ಟುಹೋಗುತ್ತೆ. ಹೋದ ವಾರ ಪುಣೆಯವರಿಗೆ ಫೋನ್ ಮಾಡಿ 'ದಿಸ್ ಬಿಲ್ ರಾಂಗ್' ಅಂದೆ. ಅರ್ಧ ಗಂಟೆಯಲ್ಲಿ ಸರಿ ಮಾಡಿ ಕಳಿಸಿದರು.