ಚೌಕಟ್ಟು ಸೊಟ್ಟ ಕಂಡರೆ ಕಾಯಬೇಡಿ

ಪ್ರಶ್ನೆ: ಡಾಕ್ಟರೇ, ನಮ್ಮದು ಸೇಡಂ ಹತ್ತಿರದ ಹಳ್ಳಿ. ನಮ್ಮ ಅವ್ವನಿಗೆ 68 ವರ್ಷ. ಹಿಂದೆ ಎರಡೂ ಕಣ್ಣಿಗೆ ಮೋತಿಬಿಂದು ಆಪರೇಷನ್ ಆಗಿ ಚೆನ್ನಾಗೇ ಕಾಣುತ್ತಿತ್ತು. ಈಗ ಕೆಲವು ವಾರದಿಂದ ಬಾಗಿಲ ಚೌಕಟ್ಟು ಸೊಟ್ಟ ಕಾಣುತ್ತದೆ, ರೊಟ್ಟಿ ಬಡಿಯುವಾಗ ನಡುವಿನ ಭಾಗವೇ ಮಸುಕು ಅನ್ನುತ್ತಾಳೆ. ಕಲಬುರಗಿಯಲ್ಲಿ ತೋರಿಸಿದೆವು. ಬಲಗಣ್ಣಿನ ಪರದೆಯಲ್ಲಿ ನೀರು ತುಂಬಿದೆ, ವಯಸ್ಸಾದವರಿಗೆ ಬರುವ ವೆಟ್ ಎಎಂಡಿ, ಕಣ್ಣಿಗೇ ಇಂಜೆಕ್ಷನ್ ಕೊಡಬೇಕು, ತಿಂಗಳಿಗೊಂದರಂತೆ ಮೂರು ಅಂದರು. ಅವ್ವ ಹೆದರಿದ್ದಾಳೆ. ತೊಗರಿ ರಾಶಿ ಮುಗಿಯಲಿ, ಆಮೇಲೆ ನೋಡೋಣ ಅಂತಾಳೆ. ಕಾಯಬಹುದಾ? ಕಣ್ಣು ಪೂರ್ತಿ ಹೋಗಿಬಿಡುತ್ತದಾ?

ಉತ್ತರ: ಕಾಯಬೇಡಿ ತಂಗಿ. ಈ ವಾರವೇ ಕರೆದುಕೊಂಡು ಹೋಗಿ.

ಕಣ್ಣಿನ ಹಿಂಬದಿಯ ಪರದೆಯ ನಟ್ಟನಡುವೆ ಮ್ಯಾಕ್ಯುಲಾ ಅಂತ ಒಂದು ಜಾಗ ಇದೆ, ಅಗಲ ಸುಮಾರು 5 ಮಿಲಿಮೀಟರ್ ಅಷ್ಟೇ. ಓದೋದು, ಮುಖ ಗುರುತಿಸೋದು, ಸೂಜಿಗೆ ದಾರ ಪೋಣಿಸೋದು ಎಲ್ಲ ಇದರ ಕೆಲಸ. ವಯಸ್ಸಾದಂತೆ ಈ ಜಾಗ ಹಾಳಾಗುವ ಕಾಯಿಲೆಯೇ ಎಎಂಡಿ; ನಾಳ ಸೋರುತ್ತಿದ್ದರೆ ವೆಟ್, ಇಲ್ಲದಿದ್ದರೆ ಡ್ರೈ. ಅವ್ವನ ಬಲಗಣ್ಣಿನಲ್ಲಿ ಈ ಪರದೆಯ ಕೆಳಗೆ ಬೇಡದ ರಕ್ತನಾಳಗಳು ಬೆಳೆದಿವೆ. ಅವು ಗಟ್ಟಿ ಇರೋದಿಲ್ಲ, ಸೋರುತ್ತವೆ. ಒದ್ದೆಯಾದ ಗೋಡೆಯ ಗಿಲಾವು ಉಬ್ಬುವ ಹಾಗೆ ಪರದೆ ಉಬ್ಬುತ್ತದೆ, ಅದಕ್ಕೇ ನೆಟ್ಟಗಿರುವ ಚೌಕಟ್ಟು ಸೊಟ್ಟ ಕಾಣುತ್ತದೆ. ಮೋತಿಬಿಂದು ಆಪರೇಷನ್ ಮಾಡೋದು ಮುಂದಿನ ಮಸೂರಕ್ಕೆ, ಈ ತೊಂದರೆ ಇರೋದು ಹಿಂದೆ. ಚಷ್ಮಾ ನಂಬರ್ ಬದಲಿಸಿದರೂ ಇದು ಸರಿಹೋಗೋದಿಲ್ಲ.

ಪೂರ್ತಿ ಕತ್ತಲೆ ಆಗೋದು ಬಹಳ ಅಪರೂಪ. ಸುತ್ತಲಿನ ನೋಟ ಉಳಿಯುತ್ತದೆ, ಮನೆಯಲ್ಲಿ ಓಡಾಡಿಕೊಂಡು ಇರಬಹುದು. ಆದರೆ ಹಾಗೇ ಬಿಟ್ಟರೆ ನಡುವಿನ ಜಾಗದಲ್ಲಿ ಕಲೆ ಕಟ್ಟುತ್ತದೆ. ಕಲೆ ಕಟ್ಟಿದ ಮೇಲೆ ಯಾವ ಔಷಧಿಯಿಂದಲೂ ಅಲ್ಲಿನ ನೋಟ ವಾಪಸ್ ಬರೋದಿಲ್ಲ. ಅವಸರ ಮಾಡಿ ಅಂತ ಹೇಳ್ತಿರೋದು ಅದಕ್ಕೇ.

ಅವ್ವನಿಗೆ ಇಂಜೆಕ್ಷನ್ ಬಗ್ಗೆ ಹೀಗೆ ಬಿಡಿಸಿ ಹೇಳಿ. ಮೊದಲು ನೋವು ಗೊತ್ತಾಗದ ಹನಿ ಹಾಕುತ್ತಾರೆ, ಆಮೇಲೆ ಸೋಂಕು ಆಗದಂತೆ ಅಯೋಡಿನ್ ಹನಿ. ರೆಪ್ಪೆ ಮುಚ್ಚದ ಹಾಗೆ ಸಣ್ಣ ಕ್ಲಿಪ್ ಇಡುತ್ತಾರೆ. ಬೇರೆ ಕಡೆ ನೋಡಿ ಅಂತಾರೆ, ಅಷ್ಟರಲ್ಲಿ ತೀರಾ ತೆಳು ಸೂಜಿ ಕರಿಗುಡ್ಡೆಯಿಂದ 3.5ರಿಂದ 4 ಮಿಲಿಮೀಟರ್ ಆಚೆ, ಬಿಳಿ ಭಾಗದಲ್ಲಿ ಹೋಗಿ ಬರುತ್ತದೆ. ನಾಳ ಸೋರೋದನ್ನು ತಡೆಯುವ ಔಷಧಿ ಅದು, 0.05 ಮಿಲಿ, ಅಂದರೆ ಒಂದು ಹನಿ. ಸ್ವಲ್ಪ ಒತ್ತಿದಂತಾಗುತ್ತದೆ, ಅಷ್ಟೇ. ಅವತ್ತು ಕಣ್ಣಲ್ಲಿ ಉಸುಕು ಬಿದ್ದ ಹಾಗೆ ಚುಚ್ಚಬಹುದು, ಬಿಳಿ ಭಾಗದಲ್ಲಿ ಕೆಂಪು ಮಚ್ಚೆ ಆಗಬಹುದು, ತಾನಾಗಿಯೇ ಹೋಗುತ್ತದೆ. ಆದರೆ ನೋವು, ಕೆಂಪು ಜಾಸ್ತಿ ಆಗುತ್ತಾ ನೋಟ ಕಡಿಮೆಯಾದರೆ ರಾತ್ರಿಯಾಗಿದ್ದರೂ ಸರಿ, ಆಸ್ಪತ್ರೆಗೆ ಹೋಗಲೇಬೇಕು. ಸೋಂಕು ಆಗೋದು ಅಪರೂಪ, ಆದರೆ ಆಯಿತೆಂದರೆ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ.

ಖರ್ಚಿನ ಮಾತು. ಈ ಇಂಜೆಕ್ಷನ್‌ಗೆ ಬಳಸುವ ಔಷಧಿಗಳಲ್ಲಿ ರಾನಿಬಿಜುಮ್ಯಾಬ್, ಅಫ್ಲಿಬರ್ಸೆಪ್ಟ್ ದುಬಾರಿ. ಬೆವಾಸಿಜುಮ್ಯಾಬ್ ಬಹಳ ಅಗ್ಗ. ಅದು ಮೂಲತಃ ಕ್ಯಾನ್ಸರ್ ಔಷಧಿ, ಆದರೂ 2011ರಲ್ಲಿ ಹೊರಬಂದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ನೋಟ ಉಳಿಸುವುದರಲ್ಲಿ ರಾನಿಬಿಜುಮ್ಯಾಬ್‌ಗೆ ಸರಿಸಾಟಿ ಅಂತ ಕಂಡಿತು. ಒಂದೇ ಬಾಟಲಿಯಿಂದ ಹಲವರಿಗೆ ಭಾಗ ಮಾಡುವ ಔಷಧಿ ಇದು, ಹಾಗಾಗಿ ಅದನ್ನು ಶುಚಿಯಾಗಿ ಭಾಗ ಮಾಡುವ ವ್ಯವಸ್ಥೆ ಇರುವ ಕಡೆಯೇ ಹಾಕಿಸಿ. ದುಡ್ಡಿಲ್ಲ ಅಂತ ಸುಮ್ನೆ ಕೂರುವ ಬದಲು ಡಾಕ್ಟರ ಹತ್ತಿರ ನೇರವಾಗಿ ಕೇಳಿ.

ನನಗೆ ಬೇಜಾರಾಗೋದು ಮೂರನೇ ಇಂಜೆಕ್ಷನ್ ಆದ ಮೇಲೆ. ಅಷ್ಟೊತ್ತಿಗೆ ಕಣ್ಣು ಸುಧಾರಿಸಿರುತ್ತದೆ, ಬಸ್ ಚಾರ್ಜು, ಒಂದು ದಿನದ ಕೂಲಿ, ಜೊತೆಗೆ ಬರುವವರು ಯಾರು ಅಂತ ಯೋಚಿಸಿ ಜನ ಬರೋದೇ ಬಿಡುತ್ತಾರೆ. ಔಷಧಿಯ ಜೋರು ಇಳಿದ ಮೇಲೆ ನಾಳ ಮತ್ತೆ ಸೋರುತ್ತದೆ, ಈ ಸಲ ಕಲೆ ಉಳಿದುಬಿಡುತ್ತದೆ. ಮೂರು ಅನ್ನೋದು ಶುರುವಾತು. ಆಮೇಲೆ ಪರದೆಯ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ನೋಡಿ ಆರು ವಾರ, ಎಂಟು ವಾರ ಅಂತ ಅಂತರ ಹೆಚ್ಚಿಸುತ್ತಾ ಹೋಗುತ್ತಾರೆ. ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುವುದಾದರೂ ಮುಂದಿನ ತಾರೀಖು ಬರೆಸಿಕೊಂಡೇ ಹೊರಬನ್ನಿ.

ಎಡಗಣ್ಣನ್ನೂ ಮರೆಯಬೇಡಿ, ಅದಕ್ಕೂ ಬರುವ ಸಾಧ್ಯತೆ ಇದೆ. ಗಣಿತದ ಚೌಕಳಿ ಹಾಳೆಯ ನಡುವೆ ಒಂದು ಚುಕ್ಕೆ ಇಟ್ಟು ಗೋಡೆಗೆ ಅಂಟಿಸಿ. ಅವ್ವ ಓದುವ ಚಷ್ಮಾ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ, ಓದುವಷ್ಟು ಹತ್ತಿರದಿಂದ ಚುಕ್ಕೆ ನೋಡಲಿ. ಗೆರೆ ಹೊಸದಾಗಿ ಬಾಗಿದರೆ, ಎಲ್ಲಾದರೂ ಅಳಿಸಿಹೋದಂತೆ ಕಂಡರೆ ಮುಂದಿನ ತಾರೀಖಿನವರೆಗೆ ಕಾಯದೆ ಹೊರಡಿ.

ಪ್ರಶ್ನೆ: ಹುಮನಾಬಾದಿನವನು, 71 ವರ್ಷ. ನನಗೆ ಡ್ರೈ ಎಎಂಡಿ ಅಂತ ಬರೀ ಗುಳಿಗೆ ಕೊಟ್ಟಿದ್ದಾರೆ. ಇಂಜೆಕ್ಷನ್ ಯಾಕೆ ಕೊಡಲಿಲ್ಲ? ಬೀಡಿ ಸೇದುತ್ತೇನೆ.

ಉತ್ತರ: ನಿಮ್ಮ ಕಣ್ಣಿನಲ್ಲಿ ಸೋರುವ ನಾಳ ಇಲ್ಲ ಕಾಕಾ, ಹಾಗಾಗಿ ಆ ಇಂಜೆಕ್ಷನ್‌ನಿಂದ ಉಪಯೋಗ ಇಲ್ಲ. ಈ ಪೋಷಕಾಂಶದ ಗುಳಿಗೆ ನೋಟ ಹೆಚ್ಚಿಸೋದಿಲ್ಲ, ಮಧ್ಯಮ ಹಂತದಲ್ಲಿರುವವರಿಗೆ ಕಾಯಿಲೆ ಮುಂದುವರಿಯುವ ಅಪಾಯ ಕಡಿಮೆ ಮಾಡುತ್ತದೆ. ತೀರಾ ಆರಂಭದ ಹಂತವಾದರೆ ಅದರ ಅಗತ್ಯವೇ ಇಲ್ಲ, ನಿಮ್ಮದು ಯಾವ ಹಂತ ಅಂತ ಕೇಳಿ. ಡಬ್ಬಿಯ ಮೇಲೆ ಲೂಟೀನ್ 10 ಮಿಲಿಗ್ರಾಂ, ಜಿಯಾಕ್ಸಾಂಥಿನ್ 2 ಮಿಲಿಗ್ರಾಂ ಇದೆಯಾ ನೋಡಿ. ಬೀಟಾ ಕ್ಯಾರೋಟಿನ್ ಇದ್ದರೆ ಬೇಡ, ಸೇದುವವರಿಗೆ ಅದರಿಂದ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಜಾಸ್ತಿ. ಬೀಡಿ ಮಾತ್ರ ಇವತ್ತೇ ಬಿಡಿ, ಈ ಕಾಯಿಲೆಯನ್ನು ಬೆಳೆಸುವ ಕಾರಣಗಳಲ್ಲಿ ನಿಮ್ಮ ಕೈಯಲ್ಲಿರುವ ದೊಡ್ಡದು ಅದೇ. ಡ್ರೈ ಇದ್ದದ್ದು ವೆಟ್ ಆಗಬಹುದು, ಚೌಕಳಿ ಹಾಳೆ ನಿಮ್ಮ ಮನೆಯಲ್ಲೂ ಇರಲಿ.