ಕಾಸರಗೋಡಿನಲ್ಲಿ ಒಂದು ಹೆಸರು ಮೂರು ಲಿಪಿ ದಾಟುವಾಗ

ಕಾಸರಗೋಡಿನ ಒಬ್ಬರೇ ಮನುಷ್ಯರು ರೇಷನ್ ಕಾರ್ಡಿನಲ್ಲಿ ನಾರಾಯಣನ್, ಮಂಗಳೂರಿನ ಕಾಲೇಜಿನಲ್ಲಿ ನಾರಾಯಣ, ಬ್ಯಾಂಕಿನಲ್ಲಿ ಮೂರನೆಯದೇನೋ ಆಗಿರುವುದು ಹೇಗೆ ಎಂದು ಕೇಳಿದ್ದೀರಿ. ನಮ್ಮಲ್ಲಿ ಮನೆಮಾತು ತುಳುವೋ ಕೊಂಕಣಿಯೋ ಹವ್ಯಕವೋ ಇರುತ್ತದೆ, ಶಾಲೆಯ ಬರಹ ಕನ್ನಡ, ಕಚೇರಿಯ ಬರಹ ಮಲಯಾಳ, ಕಾರ್ಡುಗಳ ಬರಹ ಇಂಗ್ಲಿಷ್. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಬಂದ ವ್ಯವಸ್ಥೆ ಇದು. ಹೆಸರು ಎಲ್ಲಿ ಬಾಗುತ್ತದೆ ಎಂಬುದಕ್ಕೆ ಒಂದು ಕ್ರಮ ಉಂಟು. ಆ ಕ್ರಮ ಗೊತ್ತಿದ್ದರೆ ತಪ್ಪನ್ನು ಮೊದಲೇ ಹಿಡಿಯಬಹುದು.

ಎಲ್ಲಕ್ಕಿಂತ ಹೆಚ್ಚು ಕಾಣುವುದು ಹೆಸರಿನ ಬಾಲ. ಕನ್ನಡದಲ್ಲಿ ಗಂಡಸರ ಎಷ್ಟೋ ಹೆಸರು ಅಕಾರದಲ್ಲಿ ನಿಲ್ಲುತ್ತದೆ: ಸುಧಾಕರ, ದಾಮೋದರ, ಶಂಕರ. ಮಲಯಾಳದ ಕಿವಿಗೆ ಅದು ಅರ್ಧಕ್ಕೆ ನಿಂತಂತೆ ಕೇಳುತ್ತದೆ, ಬರೆಯುವವರ ಕೈ ತಾನಾಗಿ ‘ನ್’ ಸೇರಿಸುತ್ತದೆ. ಆಮೇಲೆ ಆ ಮಲಯಾಳ ದಾಖಲೆ ನೋಡಿ ಇಂಗ್ಲಿಷಿಗೆ ಇಳಿಸಿದರೆ ಸುಧಾಕರನ್ ಖಾಯಂ. ಹೆಂಗಸರ ಹೆಸರಲ್ಲಿ ಬಾಗುವ ಜಾಗ ಬೇರೆ. ಲಲಿತಾ ಮಲಯಾಳದಲ್ಲಿ ‘ಲಳಿತ’ ಎಂದೇ ರೂಢಿ. ಇಂಗ್ಲಿಷಿನಲ್ಲಿ ಎರಡಕ್ಕೂ ಅಕ್ಷರ ಒಂದೇ ಆದ್ದರಿಂದ ತೊಂದರೆ ಕಡಿಮೆ, ಆದರೆ ಮಲಯಾಳ ದಾಖಲೆಯಿಂದ ಕನ್ನಡಕ್ಕೆ ಬರುವಾಗ ‘ಳ’ ಜೊತೆಗೇ ಬರುತ್ತದೆ.

ಎರಡನೆಯದು ಅನುನಾಸಿಕದ ಮುಂದಿನ ವ್ಯಂಜನ. ಮಲಯಾಳದಲ್ಲಿ ‘ಮ್ಪ’ ಎಂದು ಬರೆದು ‘ಂಬ’ ಎಂದು ಓದುವುದುಂಟು. ಹಾಗಾಗಿ ನಮ್ಮ ಕುಂಬಳೆ ಅಲ್ಲಿ ಬರಹದಲ್ಲಿ ‘ಕುಮ್ಪಳ’. ಮಂಜೇಶ್ವರಕ್ಕೆ ಅಲ್ಲಿ ‘ಞ್ಚ’ ಮತ್ತು ಕೊನೆಗೊಂದು ‘ಮ್’. ಅವರು ಉಚ್ಚರಿಸುವಾಗ ನಮಗೆ ಹತ್ತಿರವೇ ಇರುತ್ತಾರೆ. ಕೆಡುವುದು ಲಿಪ್ಯಂತರ ತಂತ್ರಾಂಶದಲ್ಲಿ. ಯಂತ್ರಕ್ಕೆ ಧ್ವನಿ ಗೊತ್ತಿಲ್ಲ, ಅಕ್ಷರ ಮಾತ್ರ ಗೊತ್ತು. ಅದು ಕುಂಪಳ, ಮಂಚೇಶ್ವರಂ ಎಂದು ಕೊಟ್ಟುಬಿಡುತ್ತದೆ. ಊರ ಹೆಸರಿನ ಬಗ್ಗೆ ಇಲ್ಲಿಯವರು ಸೂಕ್ಷ್ಮವಾಗಿರುವುದಕ್ಕೆ ಇದೂ ಒಂದು ಕಾರಣ. 2021ರಲ್ಲಿ ಕನ್ನಡ ಊರುಗಳ ಹೆಸರು ಬದಲಾಗುತ್ತದೆಂಬ ಸುದ್ದಿ ಹಬ್ಬಿ ಕರ್ನಾಟಕದಲ್ಲೂ ವಿರೋಧ ಎದ್ದಿತ್ತು. ಅಂಥ ತೀರ್ಮಾನ ಮಾಡಿಲ್ಲ ಎಂದು ಕೇರಳ ಸರಕಾರ ಹೇಳಿತು. ಮಧೂರು ಎಂಬ ಊರು ಮಧೂರಾಗಿಯೇ ಇರಬೇಕೆಂಬುದು ನ್ಯಾಯವಾದ ಆಸೆ.

ಮೂರನೆಯದು ರಕಾರ. ನಾವು ಬಿಟ್ಟುಬಿಟ್ಟ ಹಳಗನ್ನಡದ ಱ ಮಲಯಾಳದಲ್ಲಿ ಈಗಲೂ ದಿನಬಳಕೆಯಲ್ಲಿದೆ. ‘ರಾಮ’ದ ರ ಒಂದು, ‘ರೈ’ಯ ರ ಇನ್ನೊಂದು. ಒಂದು ಕಚೇರಿ ಒಂದನ್ನು, ಇನ್ನೊಂದು ಕಚೇರಿ ಮತ್ತೊಂದನ್ನು ಹಾಕಿದರೆ ಕನ್ನಡ ಕಣ್ಣಿಗೆ ವ್ಯತ್ಯಾಸ ಹೊಳೆಯುವುದೇ ಇಲ್ಲ. ಉತ್ತರ ಭಾರತಕ್ಕೆ ಹೋದರೆ ಅದೇ ರೈ ‘ರಾಯ್’ ಆಗುತ್ತದೆ, ಅದು ಬೇರೆ.

ಎಲ್ಲ ತಪ್ಪನ್ನೂ ಮಲಯಾಳದ ತಲೆಗೆ ಕಟ್ಟುವುದು ಸರಿಯಲ್ಲ. ಕಯ್ಯಾರ ಕಿಞ್ಞಣ್ಣ ರೈಯವರ ಹೆಸರನ್ನೇ ನೋಡಿ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದವರು, 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡರು. ಅವರ ಹೆಸರಿನ ‘ಞ್ಞ’ ಮಲಯಾಳದಲ್ಲಿ ನಿತ್ಯದ ಅಕ್ಷರ, ಅಲ್ಲಿ ತಪ್ಪೇ ಆಗುವುದಿಲ್ಲ. ಕನ್ನಡದಲ್ಲಿ ಮಾತ್ರ ಕಿಂಞಣ್ಣ, ಕಿನ್ಯಣ್ಣ ಎಂದು ಬಗೆಬಗೆಯಾಗಿ ಅಚ್ಚಾಗುತ್ತದೆ. ಇಂಗ್ಲಿಷಿನಲ್ಲಿ ಈ ಧ್ವನಿಗೆ ಇಲ್ಲಿಯವರು ಎನ್ ಮತ್ತು ಎಚ್ ಬರೆಯುತ್ತಾರೆ. ಹಾಗಾಗಿ ಬೆಂಗಳೂರಿನವರು ಕಿಞ್ಞಣ್ಣನನ್ನು ಕಿನ್ಹಣ್ಣ, ಕುಞ್ಞಿಯನ್ನು ಕುನ್ಹಿ, ಕಾಞ್ಞಂಗಾಡು ಎಂಬ ಊರನ್ನು ಕಾನ್ಹಂಗಾಡ್ ಎಂದು ಓದುತ್ತಾರೆ. ಆ ಎಚ್‌ಗೆ ಹಕಾರದ ಉಚ್ಚಾರಣೆಯೇ ಇಲ್ಲ. ಸರಿಯಾಗಿ ಹೇಳಬೇಕಾದರೆ ‘ಪಂಚ’ ಎನ್ನಲು ಹೊರಟು ‘ಚ’ ಬರುವ ಮೊದಲು ನಿಲ್ಲಿ. ನಾಲಗೆಯ ನಡುಭಾಗ ಅಂಗುಳಕ್ಕೆ ಅಂಟಿಕೊಂಡಿರುತ್ತದೆ. ಅಲ್ಲಿಂದಲೇ, ಉಸಿರನ್ನು ಮೂಗಿನಿಂದ ಕೊಂಚ ಹೊತ್ತು ಬಿಟ್ಟು, ಸ್ವರ ಹೊರಡಿಸಿ. ‘ನ್ಯ’ ಎಂದರೆ ನಾಲಗೆಯ ತುದಿ ಹಲ್ಲಿನ ಹಿಂದಕ್ಕೆ ಹೋಗುತ್ತದೆ, ಧ್ವನಿ ಬೇರೆಯಾಗುತ್ತದೆ. ಕಂಪ್ಯೂಟರಿನಲ್ಲಿ ಬರೆಯಲು ಞ, ಅರ್ಧಾಕ್ಷರದ ಚಿಹ್ನೆ, ಮತ್ತೆ ಞ. ಸೊನ್ನೆ ಬೇಡ.

ಇನ್ನು ದಾಖಲೆಯ ಮಾತು. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಮಗುವಿನ ಹೆಸರನ್ನು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆ ಅವಧಿಯನ್ನು ಬಳಸಿಕೊಳ್ಳಿ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಹೆಸರು ಬರೆದ ಚೀಟಿ ಕೊಡಬೇಕು, ಬಾಯಲ್ಲಿ ಹೇಳಿ ಬರಬಾರದು. ಇಂಗ್ಲಿಷಿನಲ್ಲಿ ‘ತ’ಕ್ಕೆ ಎಚ್ ಬೇಕೋ ಬೇಡವೋ, ದೀರ್ಘಕ್ಕೆ ಎರಡು ಅಕ್ಷರವೋ ಒಂದೋ, ಆಗಲೇ ತೀರ್ಮಾನಿಸಿ ತಂದೆತಾಯಿಯ ಆಧಾರಿನೊಂದಿಗೆ ತಾಳೆ ನೋಡಿ. ಇನಿಶಿಯಲ್ ಇಡುವುದಾದರೆ ಅದರ ಬಿಡಿಸಿದ ರೂಪವನ್ನೂ ನಿಶ್ಚಯಿಸಬೇಕು, ಯಾಕೆಂದರೆ ಪ್ಯಾನ್ ಅರ್ಜಿ ಮೊದಲ ಹೆಸರು ಮತ್ತು ಕೊನೆಯ ಹೆಸರಿನಲ್ಲಿ ಬಿಡಿ ಅಕ್ಷರ ಒಪ್ಪುವುದಿಲ್ಲ. ಇನಿಶಿಯಲನ್ನು ಕೆಲವರು ಹೆಸರಿನ ಮೊದಲಿಗೆ, ಕೆಲವರು ಕೊನೆಗೆ ಬರೆಯುತ್ತಾರೆ. ಕೊನೆಯಲ್ಲಿದ್ದರೆ, ಗಡಿ ದಾಟಿ ಕಾಲೇಜು ಸೇರುವಾಗ ಅದು ಸರ್‌ನೇಮ್ ಆಗಿ ಕುಳಿತುಬಿಡುತ್ತದೆ.

ಅತ್ಯಂತ ಜಾಗ್ರತೆ ಬೇಕಾದ ಹಂತ ಹತ್ತನೇ ತರಗತಿ. ಪರೀಕ್ಷೆಗೆ ಮೊದಲು ಶಾಲೆಯವರು ವಿದ್ಯಾರ್ಥಿಗಳ ವಿವರದ ಪಟ್ಟಿ ತೋರಿಸಿ ಸರಿ ನೋಡಲು ಹೇಳುತ್ತಾರೆ. ಇಂಗ್ಲಿಷ್ ಸಾಲನ್ನಷ್ಟೇ ಓದಿ ಸಹಿ ಹಾಕುವವರೇ ಜಾಸ್ತಿ. ಮಲಯಾಳ ಬಲ್ಲವರಿಂದ ಮಲಯಾಳ ಸಾಲನ್ನೂ ಓದಿಸಿಕೊಳ್ಳಿ. ಆಗ ಶಾಲೆಯಲ್ಲೇ ಮುಗಿಯುವ ಕೆಲಸ, ಪ್ರಮಾಣಪತ್ರ ಬಂದಮೇಲೆ ತಿರುವನಂತಪುರದ ಪರೀಕ್ಷಾ ಭವನದವರೆಗೆ ಹೋಗುತ್ತದೆ. ಆಧಾರಿನಲ್ಲಿಯೂ ಹಾಗೆ, ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದು ಪ್ರಾದೇಶಿಕ ಲಿಪಿಗೆ ತಾನಾಗಿ ಇಳಿಯುತ್ತದೆ. ಸಲ್ಲಿಸುವ ಮುಂಚೆ ತೆರೆಯಲ್ಲಿ ನೋಡಿ ತಿದ್ದಲು ಹೇಳಬಹುದು. ಹೆಸರು ಬದಲಿಸಲು ಇಡೀ ಜೀವನದಲ್ಲಿ ಎರಡೇ ಅವಕಾಶ, ಬಾಲದ ‘ನ್’ ತೆಗೆಯಲಿಕ್ಕೆ ಒಂದು ಅಲ್ಲೇ ಖರ್ಚು.

ಹಳೆಯ ಭೂಮಿ ದಾಖಲೆಯಲ್ಲಿ ಒಂದು ರೂಪ, ಆಧಾರಿನಲ್ಲಿ ಇನ್ನೊಂದು ಇದ್ದು ಎರಡನ್ನೂ ತಿದ್ದಲು ಆಗದಿದ್ದರೆ ಎರಡು ಹೆಸರೂ ಒಬ್ಬರದೇ ಎನ್ನುವ ‘ವನ್ ಆಂಡ್ ದ ಸೇಮ್’ ಪ್ರಮಾಣಪತ್ರ ಪಡೆಯಬೇಕು. ಅದನ್ನು ಪಡೆಯುವ ಕ್ರಮವನ್ನು ಸರಕಾರಿ ಸೇವೆಗಳಿಗೆ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಕೇಳಿ ತಿಳಿಯಿರಿ. ಎರಡೂ ರೂಪವನ್ನು ದಾಖಲೆಯಲ್ಲಿ ಇದ್ದಹಾಗೆಯೇ, ಒಂದಕ್ಷರವನ್ನೂ ಸುಧಾರಿಸದೆ, ಬರೆಯಬೇಕು. ಇಲ್ಲದಿದ್ದರೆ ಆ ಪ್ರಮಾಣಪತ್ರವೇ ಮೂರನೆಯ ರೂಪವಾಗುತ್ತದೆ. ಅರ್ಜಿ ಕನ್ನಡದಲ್ಲಿ ಕೊಡಲು ಹಿಂಜರಿಯಬೇಕಾಗಿಲ್ಲ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಲ್ಲಿ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿತು.

ಮಂಗಳೂರಿನ ಆಸ್ಪತ್ರೆಗಳಿಗೆ ಹೋಗುವಾಗ ಇನ್ನೊಂದು ಎಚ್ಚರ. ಕೌಂಟರಿನಲ್ಲಿ ಕನ್ನಡದವರೇ ಇರುತ್ತಾರೆ, ಕಾರ್ಡಿನಲ್ಲಿ ‘ಸುಧಾಕರನ್’ ಇದ್ದರೂ ಬಾಯಲ್ಲಿ ಕೇಳಿದ ‘ಸುಧಾಕರ’ವನ್ನೇ ಬರೆಯುತ್ತಾರೆ. ಕೇಳಲು ಹಿತ, ವಿಮೆಗೆ ಕಷ್ಟ. ನೋಂದಣಿ ಚೀಟಿ ಕೈಗೆ ಬಂದ ಕೂಡಲೇ ವಿಮೆ ಕಾರ್ಡಿನೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ ಅಲ್ಲೇ ತಿದ್ದಿಸಿ. ಡಿಸ್ಚಾರ್ಜ್ ಪತ್ರ ಅಚ್ಚಾದ ಮೇಲೆ ತಿದ್ದಿಸಲು ಗಡಿಯಾಚೆಯಿಂದ ಪುನಃ ಬರಬೇಕಾಗುತ್ತದೆ.