ಪಲ್ಯ ತಿಂದವರು ಯಾರು?

ಓದುಗರ ಪತ್ರ: ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕ ನೋಡಿ ಬಂದೆ. ಪಡವಲಕಾಯಿ ಫಲವಂತಿಕೆಯ ಸಂಕೇತ, ಅದು ತಿಳಿಯದಿದ್ದರೆ ನಾಟಕವೇ ತಿಳಿಯಲ್ಲ ಅಂತ ಪಕ್ಕದಲ್ಲಿದ್ದ ಮೇಷ್ಟ್ರು ನಾಟಕದುದ್ದಕ್ಕೂ ಪಿಸುಗುಟ್ಟುತ್ತಿದ್ದರು. ನನಗೆ ಕಂಡಿದ್ದು ಬರೀ ಪಡವಲಕಾಯಿ. ನಾಟಕದ ವಸ್ತುಗಳಿಗೆ ಅರ್ಥ ಹುಡುಕುವುದು ಹೇಗೆ?
– ಓದುಗರೊಬ್ಬರು, ಗದಗ

ಸಂಪಾದಕರ ಉತ್ತರ: ಪಡವಲಕಾಯಿ ಪಡವಲಕಾಯಿಯಾಗಿಯೇ ಕಂಡಿತಲ್ಲ, ಅಷ್ಟರಮಟ್ಟಿಗೆ ನೀವು ಆ ಮೇಷ್ಟ್ರಿಗಿಂತ ಒಳ್ಳೆಯ ಪ್ರೇಕ್ಷಕರು. ಅವರು ಹೇಳಿದ್ದು ಸುಳ್ಳು ಅಂತಲ್ಲ. ಭಾದ್ರಪದದಲ್ಲಿ ಗಣಪ ಹೋದ ಮೇಲೆ ಜನಪದ ದೇವರು ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು ಹೆಂಗಸರು ಮನೆಮನೆಗೆ ಬರುತ್ತಾರಲ್ಲ, ಮಳೆ, ಬೆಳೆ, ಮಕ್ಕಳು ಎಲ್ಲ ಅವನ ಲೆಕ್ಕದಲ್ಲೇ ಅಂತ ನಿಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅಷ್ಟು ಹೇಳಿ ಕೈತೊಳೆದುಕೊಳ್ಳುವುದಾದರೆ ಟಿಕೆಟ್ ತೆಗೆದು ನಾಟಕ ನೋಡೋದು ಯಾಕೆ?

ಕಂಬಾರರು 1972ರಲ್ಲಿ ಆ ಕಾಯಿಂದ ಏನು ಮಾಡಿಸಿದರು ನೋಡಿ. ಗೌಡತಿಗೆ ಮಕ್ಕಳಿಲ್ಲ. ಜೋಕುಮಾರಸ್ವಾಮಿ ಅಂತ ಕೈಮುಗಿದ ಕಾಯಿಯನ್ನೇ ಪಲ್ಯ ಮಾಡಿ, ಗಂಡನಿಗೆ ಉಣಿಸಬೇಕು ಅಂತ ಹೊಲಕ್ಕೆ ಒಯ್ಯುತ್ತಾಳೆ. ಉಂಡವನು ಮಾತ್ರ ಬಸಣ್ಣ. ಗೌಡ ಹೊಲದ ಯಜಮಾನ, ಆದರೆ ಕೈಲಾಗದವನು. ಬಸಣ್ಣ ಆ ಹೊಲಕ್ಕಾಗಿ ಅವನ ಎದುರು ನಿಂತವನು. ಹೊಲ ಯಾರದು, ಹುಟ್ಟೋ ಕೂಸು ಯಾರದು ಅನ್ನೋ ಎರಡೂ ಜಗಳ ಆ ಊಟದಲ್ಲಿ ಗಂಟುಬಿದ್ದವು. ಬಸಣ್ಣನ ಹೆಣ ಬೀಳುವ ತನಕ ಆ ಗಂಟು ಬಿಡಲಿಲ್ಲ. ಕಾಯಿ ಏನನ್ನು ಹೋಲುತ್ತೆ ಅನ್ನೋದರಿಂದ ಆಗಿದ್ದಲ್ಲ ಇದು. ದೇವರ ಮುಂದಿನಿಂದ ಒಲೆಗೆ, ಒಲೆಯಿಂದ ಬುತ್ತಿಗೆ, ಬುತ್ತಿಯಿಂದ ಇನ್ನೊಬ್ಬನ ಬಾಯಿಗೆ ಹೋಯಿತಲ್ಲ, ಅದರಿಂದ ಆಗಿದ್ದು.

ನೀವು ಕೇಳಿದ ‘ಹೇಗೆ’ಗೆ ನನ್ನ ಹತ್ತಿರ ಇರೋದು ಇಷ್ಟೇ: ವಸ್ತು ಯಾರ ಕೈಯಿಂದ ಯಾರ ಕೈಗೆ ಹೋಯಿತು ಅಂತ ಕಣ್ಣಿಟ್ಟಿರಿ. ಗಿರೀಶ ಕಾರ್ನಾಡರ ‘ತುಘಲಕ್’ (1964) ತಗೊಳ್ಳಿ. ಚದುರಂಗ ಅಂದರೆ ರಾಜಕೀಯ ಅಂತ ಗೈಡುಗಳಲ್ಲೆಲ್ಲ ಇದೆ. ಇರಲಿ ಬಿಡಿ. ನನ್ನನ್ನು ಜಾಸ್ತಿ ಕಾಡುವುದು ತಾಮ್ರದ ನಾಣ್ಯ. ಬೆಳ್ಳಿಗೆ ಸಮ ಅಂತ ಸುಲ್ತಾನ ಸಾರುತ್ತಾನೆ. ಜನ ಖೋಟಾ ನಾಣ್ಯ ಮಾಡಿ ಗುಡ್ಡೆ ಹಾಕುತ್ತಾರೆ. ಬೊಕ್ಕಸದ ಬೆಳ್ಳಿ ಕೊಟ್ಟು ವಾಪಸು ಪಡೆದ ಆ ಗಾಡಿಗಟ್ಟಲೆ ರಾಶಿಯನ್ನು ಸುರಿಸಿದ್ದೆಲ್ಲಿ? ಪಾರಸಿ ಕವಿ ಸಾದಿಯ ಕವಿತೆಗೆ ಮನಸೋತು ತಾನೇ ಆಸೆಪಟ್ಟು ಮಾಡಿಸಿದ ಗುಲಾಬಿ ತೋಟದಲ್ಲಿ! ಇದಕ್ಕೆ ಟಿಪ್ಪಣಿ ಬೇಕಾ?

ನಾರ್ವೆಯ ನಾಟಕಕಾರ ಇಬ್ಸನ್ನನ ‘ಎ ಡಾಲ್ಸ್ ಹೌಸ್’ (1879) ಶುರುವಾಗುವಾಗಲೇ ನೋರಾ ಕದ್ದು ಸಿಹಿ ತಿಂದು ಬಾಯಿ ಒರೆಸಿಕೊಳ್ಳುತ್ತಾಳೆ. ಗಂಡ ಕೇಳಿದರೆ, ತಿಂದೇ ಇಲ್ಲ ಅನ್ನುತ್ತಾಳೆ. ಆ ಸಂಸಾರ ಎಂಥದ್ದು ಅಂತ ನಮಗೆ ಆಗಲೇ ಗೊತ್ತಾಯಿತು. ಸಿಹಿ ಯಾವುದರ ಸಂಕೇತ ಅಂತ ಕೇಳುವವರಿಗೆ ಒಂದು ತುಂಡು ಕೊಟ್ಟು ಬಾಯಿ ಮುಚ್ಚಿಸಬೇಕು.

ನಿಮ್ಮ ಮೇಲೂ ನನಗೊಂದು ದೂರಿದೆ. ನಾಟಕ ನಡೆಯುವಾಗ ಪಾಠ ಕೇಳುತ್ತ ಕೂತಿರಲ್ಲ! ‘ಸುಮ್ನಿರಿ ಸಾರ್’ ಅನ್ನಬಾರದಿತ್ತೇ? ಆ ಮೇಷ್ಟ್ರನ್ನಾದರೂ ಎಷ್ಟು ಬಯ್ಯೋದು? ‘ನಾಟಕದಲ್ಲಿ ಬರುವ ಸಂಕೇತಗಳನ್ನು ವಿವರಿಸಿ’ ಅಂತ ಪ್ರಶ್ನೆಪತ್ರಿಕೆಯೇ ಕೇಳುತ್ತದೆ. ನಾಟಕವನ್ನೇ ನೋಡದ ಮಕ್ಕಳು ಪುಟಗಟ್ಟಲೆ ಬರೆದು ಪೂರ್ತಿ ಅಂಕ ತಗೊಳ್ಳುತ್ತಾರೆ. ಅವರಲ್ಲೇ ಕೆಲವರು ಮುಂದೆ ನಿರ್ದೇಶಕರಾಗುತ್ತಾರೆ. ರಂಗದ ನಡುವೆ ಒಂದು ದೊಡ್ಡ ಚಕ್ರ ತೂಗುಹಾಕುತ್ತಾರೆ. ಕಾಲಚಕ್ರವಂತೆ. ಒಬ್ಬ ನಟನೂ ಅದನ್ನು ಮುಟ್ಟುವುದಿಲ್ಲ.

ಮುಟ್ಟಬೇಕಾದ ವಸ್ತುವಿಗೆ ಮಾತ್ರ ಬರಗಾಲ. ಇದೇ ‘ಜೋಕುಮಾರಸ್ವಾಮಿ’ಯ ಒಂದು ಪ್ರಯೋಗದಲ್ಲಿ ನಾನು ಕಂಡ ಬಸಣ್ಣ ಖಾಲಿ ತಟ್ಟೆಯಿಂದ ಗಾಳಿ ತೆಗೆದು ಬಾಯಿಗೆ ಹಾಕಿಕೊಂಡು ಚಪ್ಪರಿಸಿದ. ಬೆಳಕಿಗೆ ಸುರಿದ ದುಡ್ಡಿನಲ್ಲಿ ಊರಿಗೆಲ್ಲ ಊಟ ಹಾಕಬಹುದಿತ್ತು. ‘ಕುರುಕ್ಷೇತ್ರ’ ನಾಟಕಕ್ಕೆ ಗುಬ್ಬಿ ಕಂಪನಿಯವರು ಜೀವಂತ ಆನೆಯನ್ನೇ ರಂಗಕ್ಕೆ ತಂದಿದ್ದರು. ಈಗಿನವರು ಆನೆ ತರೋದು ಬೇಡ, ಒಂದು ಹಿಡಿ ಪಲ್ಯ ಮಾಡಿಸಲಿ ಸಾಕು.